ಬಣ್ಣಬಣ್ಣದ ಬೀಟ್‌ರೂಟ್: ಮನೆಯಲ್ಲಿ ಉಪ್ಪಿನಕಾಯಿ ಹಾಕುವ ಸುರಕ್ಷಿತ ವಿಧಾನ

ಚಳಿಗಾಲ ಬಂದಿತೆಂದರೆ ದೆಹಲಿಯ ತರಕಾರಿ ಮಂಡಿಗಳಲ್ಲಿ ಮೂಲಂಗಿ, ಗಜ್ಜರಿಗಳ ಪಕ್ಕದಲ್ಲಿ ಬೀಟ್‌ರೂಟಿನ ರಾಶಿಯೂ ಕಾಣಿಸಿಕೊಳ್ಳುತ್ತದೆ. ಅಲ್ಲಿ ಅದಕ್ಕೆ ಚುಕಂದರ್ ಎಂದು ಹೆಸರು. ಮುಂಬಯಿ, ಪುಣೆಗಳಲ್ಲಿ ಬರಿಯ ಬೀಟ್ ಎಂದರೆ ಸಾಕು. ಚೆನ್ನೈನ ಮಾರುಕಟ್ಟೆಗೆ ನೀಲಗಿರಿ ಬೆಟ್ಟಗಳಿಂದ ಇಳಿದು ಬರುವ ಗಡ್ಡೆಗಳು ವರ್ಷದ ಬಹುಕಾಲ ದೊರೆಯುತ್ತವೆ. ಸುಗ್ಗಿಯ ದಿನಗಳಲ್ಲಿ ಬೆಲೆ ಇಳಿಯುತ್ತದೆ, ಗಡ್ಡೆಗಳು ಎಳೆಯವೂ ರಸಭರಿತವೂ ಆಗಿರುತ್ತವೆ. ಆದರೆ ಪಲ್ಯ, ಸಾರು, ಕೋಸಂಬರಿಗಳಲ್ಲಿ ಒಂದು ಸಂಸಾರವು ಬಳಸಬಹುದಾದ ಬೀಟ್‌ರೂಟಿಗೆ ಮಿತಿಯಿದೆ. ಹೆಚ್ಚಾದುದನ್ನು ಕೆಡದಂತೆ ಉಳಿಸಿಕೊಂಡು ಕೆಲವು ತಿಂಗಳವರೆಗೆ ಊಟದೊಡನೆ ಸವಿಯಲು ಉಪ್ಪಿನಕಾಯಿಯೇ ಸುಲಭವಾದ ದಾರಿ.

ಉಪ್ಪಿನಕಾಯಿ ಹಾಕುವುದು ಕನ್ನಡದ ಮನೆಗಳಿಗೆ ಹೊಸದಲ್ಲ. ಮಲೆನಾಡಿನ ಅಪ್ಪೆಮಿಡಿ, ಬಯಲುಸೀಮೆಯ ನಿಂಬೆ, ಹೆರಳೆ, ನೆಲ್ಲಿಕಾಯಿಗಳನ್ನು ಜಾಡಿಯಲ್ಲಿ ವರ್ಷಗಟ್ಟಲೆ ಕಾಪಾಡುವ ವಿದ್ಯೆ ಅಜ್ಜಿಯಿಂದ ಮೊಮ್ಮಗಳಿಗೆ ಹರಿದು ಬಂದಿದೆ. ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿದವರೂ ಈ ಅಭ್ಯಾಸವನ್ನು ಬಿಟ್ಟಿಲ್ಲ. ಆದರೆ ಮಾವಿನಕಾಯಿಗೆ ಅನ್ವಯಿಸುವ ವಿಧಾನವನ್ನು ಬೀಟ್‌ರೂಟಿಗೆ ಹಾಗೆಯೇ ಅನ್ವಯಿಸುವುದು ಅಪಾಯಕರ. ಇದಕ್ಕೆ ಕಾರಣವನ್ನು ಮೊದಲು ಅರಿತುಕೊಂಡರೆ ಮುಂದಿನ ಪ್ರತಿಯೊಂದು ಹಂತದ ಉದ್ದೇಶವೂ ತಾನಾಗಿಯೇ ಸ್ಪಷ್ಟವಾಗುತ್ತದೆ.

ಹುಳಿಯಿಲ್ಲದ ಗಡ್ಡೆ

ಆಹಾರದ ಹುಳಿಯನ್ನು ಪಿಎಚ್ ಎಂಬ ಮಾನದಿಂದ ಅಳೆಯಲಾಗುತ್ತದೆ. ಈ ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಶುದ್ಧ ನೀರಿನ ಪಿಎಚ್ 7. ನಿಂಬೆರಸದ ಪಿಎಚ್ ಸುಮಾರು 2 ರಿಂದ 2.5ರಷ್ಟಿರುತ್ತದೆ. ಮಾವಿನ ಮಿಡಿ, ನೆಲ್ಲಿಕಾಯಿಗಳೂ ಹುಟ್ಟಿನಿಂದಲೇ ಹುಳಿಯುಳ್ಳವು. ಅವುಗಳಿಗೆ ಧಾರಾಳವಾಗಿ ಉಪ್ಪು ಸೇರಿದಾಗ ಹಾನಿಕರ ಸೂಕ್ಷ್ಮಜೀವಿಗಳು ಬೆಳೆಯಲಾರವು. ಬೀಟ್‌ರೂಟಿನ ಪಿಎಚ್ ಆದರೋ 5.3 ರಿಂದ 6.6ರವರೆಗೆ ಇರುತ್ತದೆ. ಎಂದರೆ ಅದರಲ್ಲಿ ತನ್ನನ್ನು ತಾನೇ ಕಾಪಾಡಿಕೊಳ್ಳುವಷ್ಟು ಹುಳಿ ಇಲ್ಲ. ಸಕ್ಕರೆಯ ಅಂಶವಂತೂ ಸಾಕಷ್ಟಿದೆ. 1747ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಮಾರ್ಗ್ರಾಫ್ ಸಕ್ಕರೆಯನ್ನು ಬೇರ್ಪಡಿಸಿ ತೋರಿಸಿದ್ದು ಬೀಟ್ ಗಡ್ಡೆಯಿಂದಲೇ.

ಇದರೊಡನೆ ಇನ್ನೊಂದು ಸಂಗತಿಯೂ ಇದೆ. ಬೀಟ್‌ರೂಟ್ ಮಣ್ಣಿನೊಳಗೆ ಬೆಳೆಯುತ್ತದೆ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಾಮಾನ್ಯವಾಗಿ ಇರುತ್ತವೆ. ಈ ಬೀಜಕಣಗಳು ಕುದಿಯುವ ನೀರಿನ ಶಾಖವನ್ನೂ ತಾಳಿಕೊಂಡು ಬದುಕುತ್ತವೆ. ಗಾಳಿಯಿಲ್ಲದ, ಹುಳಿ ಕಡಿಮೆಯಿರುವ, ತೇವವುಳ್ಳ ಸ್ಥಳ ಸಿಕ್ಕಿದೊಡನೆ ಅವು ಮೊಳೆತು ಬೆಳೆದು ಅತ್ಯಂತ ತೀವ್ರವಾದ ವಿಷವನ್ನು ಉತ್ಪತ್ತಿ ಮಾಡುತ್ತವೆ. ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ ಬರಿಯ ಉಪ್ಪುನೀರಿನಲ್ಲಿಟ್ಟ ಬೇಯಿಸಿದ ಬೀಟ್‌ರೂಟ್ ಅಂಥ ಸ್ಥಳವೇ ಸರಿ. ಆದರೆ ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆಯಿದ್ದಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯಲಾರದು. ಆದುದರಿಂದ ಗಡ್ಡೆಯಲ್ಲಿ ಇಲ್ಲದ ಹುಳಿಯನ್ನು ಹೊರಗಿನಿಂದ, ಅಳತೆಗೆ ಸರಿಯಾಗಿ, ಒಳಗಿನವರೆಗೂ ಸೇರುವಂತೆ ಒದಗಿಸುವುದೇ ಬೀಟ್‌ರೂಟ್ ಉಪ್ಪಿನಕಾಯಿಯ ಮೂಲಸೂತ್ರ. ರುಚಿ ಅನಂತರದ ವಿಷಯ.

ಬಣ್ಣಗಳ ವಿಚಾರ

ಭಾರತದಲ್ಲಿ ಹೆಚ್ಚಾಗಿ ಬೆಳೆಯುವುದು ಕಡುಗೆಂಪು ಬೀಟ್‌ರೂಟ್. ಡೆಟ್ರಾಯಿಟ್ ಡಾರ್ಕ್ ರೆಡ್, ಕ್ರಿಮ್ಸನ್ ಗ್ಲೋಬ್ ಇವು ರೈತರಿಗೆ ಪರಿಚಿತವಾದ ತಳಿಗಳು. ಈಚಿನ ವರ್ಷಗಳಲ್ಲಿ ಮಹಾನಗರಗಳ ಕೆಲವು ಅಂಗಡಿಗಳಲ್ಲಿ ಹೊಂಬಣ್ಣದ ಗಡ್ಡೆಗಳೂ, ಅಡ್ಡಲಾಗಿ ಕೊಯ್ದಾಗ ಕೆಂಪು ಬಿಳಿ ಬಳೆಗಳನ್ನು ಜೋಡಿಸಿಟ್ಟಂತೆ ಕಾಣುವ ಕಿಯೋಜ್ಜ ತಳಿಯ ಗಡ್ಡೆಗಳೂ ಕಾಣಸಿಗುತ್ತವೆ. ಕಿಯೋಜ್ಜ ಎಂಬುದು ಇಟಲಿಯ ಒಂದು ಕಡಲತೀರದ ಪಟ್ಟಣದ ಹೆಸರು.

ಈ ಬಣ್ಣಗಳಿಗೆಲ್ಲ ಬೀಟಾಲೇನ್ ಎಂಬ ವರ್ಣದ್ರವ್ಯಗಳೇ ಕಾರಣ. ಕೆಂಪು ನೇರಳೆ ಛಾಯೆಯ ಬೀಟಾಸಯನಿನ್ ಮತ್ತು ಹಳದಿ ಛಾಯೆಯ ಬೀಟಾಜ್ಯಾಂಥಿನ್ ಎಂದು ಇವುಗಳಲ್ಲಿ ಎರಡು ಬಗೆ. ಕೆಂಪು ಗಡ್ಡೆಯಲ್ಲಿ ಎರಡೂ ಇದ್ದು ಮೊದಲನೆಯದರ ಕೈ ಮೇಲಾಗಿರುತ್ತದೆ. ಹೊಂಬಣ್ಣದ ಗಡ್ಡೆಯಲ್ಲಿ ಹಳದಿಯದೇ ಪ್ರಾಬಲ್ಯ. ಇವೆಲ್ಲ ನೀರಿನಲ್ಲಿ ಕರಗುವ ಬಣ್ಣಗಳು. ಬೀಟ್‌ರೂಟ್ ಹೆಚ್ಚಿದ ಕೈ, ಹಲಗೆ, ಸೆರಗು ಎಲ್ಲವೂ ಕೆಂಪಾಗುವುದು ಇದರಿಂದಲೇ. ಉಪ್ಪಿನಕಾಯಿಯ ಹುಳಿಯಲ್ಲಿ ಈ ಕೆಂಪು ಉಳಿದುಕೊಳ್ಳುತ್ತದೆ. ಅಡಿಗೆ ಸೋಡದಂಥ ಕ್ಷಾರ ವಸ್ತುಗಳು, ದೀರ್ಘಕಾಲದ ಶಾಖ, ನೇರವಾದ ಬೆಳಕು ಮತ್ತು ಕಬ್ಬಿಣ, ತಾಮ್ರಗಳ ಸ್ಪರ್ಶ ಇವು ಬಣ್ಣವನ್ನು ಕೆಡಿಸುತ್ತವೆ.

ಇದರಿಂದ ಮೂರು ನಿಯಮಗಳು ದೊರೆಯುತ್ತವೆ. ಗಡ್ಡೆಯನ್ನು ಸಿಪ್ಪೆ ಸಹಿತವಾಗಿ, ಮೇಲಿನ ತೊಟ್ಟನ್ನೂ ಕೆಳಗಿನ ಬೇರನ್ನೂ ಎರಡು ಬೆರಳಿನಷ್ಟು ಉಳಿಸಿ ಬೇಯಿಸಬೇಕು. ಇಲ್ಲವಾದರೆ ಬಣ್ಣವೆಲ್ಲ ಬೆಂದ ನೀರಿಗೆ ಇಳಿಯುತ್ತದೆ. ಬೇರೆ ಬೇರೆ ಬಣ್ಣದ ಗಡ್ಡೆಗಳನ್ನು ಬೇರೆ ಬೇರೆಯಾಗಿಯೇ ಬೇಯಿಸಿ, ಬೇರೆ ಬೇರೆ ಬಾಟಲಿಗಳಲ್ಲಿ ತುಂಬಬೇಕು. ಒಂದೇ ಬಾಟಲಿಗೆ ಹಾಕಿದರೆ ಎಲ್ಲವೂ ಕೆಂಪಾಗುತ್ತವೆ. ತುಂಬಿದ ಬಾಟಲಿಗಳನ್ನು ಬಿಸಿಲು ಬೀಳದ ಕಡೆ ಇಡಬೇಕು. ಕಿಯೋಜ್ಜ ಗಡ್ಡೆಯ ಬಳೆಗಳು ಬೇಯಿಸಿದಾಗ ಬಹುಮಟ್ಟಿಗೆ ಮಸುಕಾಗುವುದು ಸಹಜ. ಅದು ತಯಾರಿಕೆಯ ದೋಷವಲ್ಲ.

ಬೀಟ್‌ರೂಟಿನ ಮಣ್ಣಿನ ವಾಸನೆ ಕೆಲವರಿಗೆ ಸೇರುವುದಿಲ್ಲ. ಮೊದಲ ಮಳೆ ಬಿದ್ದಾಗ ನೆಲದಿಂದೇಳುವ ಪರಿಮಳಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವೇ ಈ ವಾಸನೆಗೂ ಕಾರಣ. ಹುಳಿಯಲ್ಲಿ ಅದು ವಾಸನೆಯಿಲ್ಲದ ವಸ್ತುವಾಗಿ ಮಾರ್ಪಡುತ್ತದೆ. ಆದುದರಿಂದ ಪಲ್ಯವನ್ನು ದೂರವಿಡುವ ಮಕ್ಕಳೂ ಉಪ್ಪಿನಕಾಯಿಯನ್ನು ಇಷ್ಟಪಡಬಹುದು.

ವಿನೆಗರ್ ಆಯ್ಕೆ

ಬೀಟ್‌ರೂಟಿಗೆ ಹುಳಿ ಒದಗಿಸಲು ಹೆಚ್ಚು ವಿಶ್ವಾಸಾರ್ಹವಾದ ವಸ್ತು ವಿನೆಗರ್. ಉತ್ತರ ಭಾರತದ ಅಂಗಡಿಗಳಲ್ಲಿ ಇದನ್ನು ಸಿರ್ಕಾ ಎಂದು ಕೇಳಿ ಪಡೆಯಬಹುದು. ವಿನೆಗರ್‌ನ ಹುಳಿಗೆ ಕಾರಣ ಅಸಿಟಿಕ್ ಆಮ್ಲ. ಭಾರತದ ಆಹಾರ ನಿಯಮಗಳ ಪ್ರಕಾರ ವಿನೆಗರ್‌ನಲ್ಲಿ ಶೇಕಡಾ 3.75ಕ್ಕೆ ಕಡಿಮೆಯಿಲ್ಲದಷ್ಟು ಅಸಿಟಿಕ್ ಆಮ್ಲ ಇರಬೇಕು. ಪೇಟೆಯಲ್ಲಿ ಶೇಕಡಾ 4 ಮತ್ತು ಶೇಕಡಾ 5ರ ವಿನೆಗರ್ ದೊರೆಯುತ್ತದೆ. ಹುದುಗಿಸಿ ತಯಾರಿಸಿದ್ದೋ, ಅಸಿಟಿಕ್ ಆಮ್ಲದಿಂದ ತಯಾರಿಸಿದ ಸಿಂಥೆಟಿಕ್ ವಿನೆಗರೋ ಎಂಬುದು ಸೀಸೆಯ ಚೀಟಿಯ ಮೇಲೆ ನಮೂದಾಗಿರುತ್ತದೆ. ಕೊಳ್ಳುವಾಗ ಆಮ್ಲದ ಪ್ರಮಾಣವನ್ನು ತಪ್ಪದೆ ಓದಿಕೊಳ್ಳಬೇಕು.

ಮನೆಯಲ್ಲಿ ತಯಾರಿಸಿದ, ಆಮ್ಲದ ಪ್ರಮಾಣ ತಿಳಿಯದ ವಿನೆಗರ್ ಈ ಕೆಲಸಕ್ಕೆ ಸಲ್ಲದು. ಗ್ಲೇಶಿಯಲ್ ಅಸಿಟಿಕ್ ಆಮ್ಲ ಎಂದು ಮಾರಲಾಗುವ ಗಾಢ ಆಮ್ಲವನ್ನು ಅಡಿಗೆಮನೆಗೆ ತರಲೇಬಾರದು. ಅದು ಚರ್ಮ, ಕಣ್ಣು ಮತ್ತು ಅನ್ನನಾಳಗಳನ್ನು ಸುಡುತ್ತದೆ. ತೀರ ಹುಳಿಯೆನಿಸಿದರೆ ಸಕ್ಕರೆಯನ್ನು ತುಸು ಹೆಚ್ಚಿಸಬಹುದೇ ಹೊರತು ವಿನೆಗರನ್ನು ಕಡಿಮೆ ಮಾಡುವುದಾಗಲಿ, ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸುವುದಾಗಲಿ ಕೂಡದು.

ಬೇಕಾಗುವ ಸಾಮಗ್ರಿಗಳು

ಅರ್ಧ ಲೀಟರ್ ಅಳತೆಯ ಸುಮಾರು 3 ಬಾಟಲಿಗಳಿಗೆ:

ಬೀಟ್‌ರೂಟ್ (ಎಳೆಯ, ಮಧ್ಯಮ ಗಾತ್ರದವು): 1 ಕಿಲೋಗ್ರಾಂ
ಶೇಕಡಾ 4ರ ವಿನೆಗರ್: 500 ಮಿಲಿಲೀಟರ್, ನೀರು ಬೆರೆಸದೆ
ಅಥವಾ ಶೇಕಡಾ 5ರ ವಿನೆಗರ್: 335 ಮಿಲಿಲೀಟರ್, ಅದಕ್ಕೆ ನೀರು 165 ಮಿಲಿಲೀಟರ್
ಸಕ್ಕರೆ: 100 ಗ್ರಾಂ
ಉಪ್ಪು: 10 ಗ್ರಾಂ (ಸುಮಾರು 2 ಚಹಾ ಚಮಚ)
ದಾಲ್ಚಿನ್ನಿ: ಬೆರಳುದ್ದದ 1 ಚಕ್ಕೆ
ಲವಂಗ: 6
ಕಾಳುಮೆಣಸು: 10

ಗಡ್ಡೆಗಳು ಗಟ್ಟಿಯಾಗಿದ್ದು ಗಾಯ, ಬಿರುಕುಗಳಿಲ್ಲದಿರಬೇಕು. ಹೆಚ್ಚು ಬಲಿತವುಗಳಲ್ಲಿ ನಾರು ಇರುತ್ತದೆ. ಒಂದೇ ಗಾತ್ರದವುಗಳನ್ನು ಆರಿಸಿಕೊಂಡರೆ ಏಕರೀತಿಯಾಗಿ ಬೇಯುತ್ತವೆ. ಪಾತ್ರೆಗಳು ತುಕ್ಕು ಹಿಡಿಯದ ಉಕ್ಕಿನವಾಗಿರಲಿ. ಹಿತ್ತಾಳೆ, ತಾಮ್ರ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಪಾತ್ರೆಗಳಲ್ಲಿ ವಿನೆಗರ್ ಕುದಿಸಬಾರದು.

ತಯಾರಿಸುವ ಕ್ರಮ

1. ಗಾಜಿನ ಬಾಟಲಿಗಳನ್ನು ಸಾಬೂನಿನಿಂದ ತೊಳೆದು, ನೀರಿನಲ್ಲಿ ಮುಳುಗಿಸಿ 10 ನಿಮಿಷ ಕುದಿಸಿ, ತುಂಬುವವರೆಗೂ ಆ ಬಿಸಿನೀರಿನಲ್ಲಿಯೇ ಬಿಡಬೇಕು. ಮುಚ್ಚಳಗಳನ್ನು ಚೆನ್ನಾಗಿ ತೊಳೆದಿಟ್ಟುಕೊಳ್ಳಬೇಕು.

2. ಬೀಟ್‌ರೂಟುಗಳನ್ನು ಹರಿಯುವ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ ಮಣ್ಣು ಉಳಿಯದಂತೆ ತೊಳೆಯಬೇಕು. ತೊಟ್ಟು, ಬೇರುಗಳನ್ನು ಮೇಲೆ ಹೇಳಿದಂತೆ ಸ್ವಲ್ಪ ಉಳಿಸಿ ಕತ್ತರಿಸಬೇಕು.

3. ಗಡ್ಡೆಗಳು ಮುಳುಗುವಷ್ಟು ನೀರಿನಲ್ಲಿ ಬೇಯಿಸಬೇಕು. ಗಾತ್ರವನ್ನು ಅನುಸರಿಸಿ 25 ರಿಂದ 40 ನಿಮಿಷಗಳು ಹಿಡಿಯುತ್ತವೆ. ಚಾಕುವಿನ ತುದಿ ಸಲೀಸಾಗಿ ಒಳಗೆ ಇಳಿದರೆ ಹದವಾಗಿ ಬೆಂದಿದೆಯೆಂದು ತಿಳಿಯಬೇಕು. ಮೆತ್ತಗಾಗುವವರೆಗೆ ಬೇಯಿಸಬಾರದು.

4. ಬೆಂದ ಗಡ್ಡೆಗಳನ್ನು ತಣ್ಣೀರಿಗೆ ಹಾಕಿ ಕೈಯಿಂದ ಉಜ್ಜಿದರೆ ಸಿಪ್ಪೆ ತಾನಾಗಿಯೇ ಜಾರಿ ಬರುತ್ತದೆ. ತೊಟ್ಟು, ಬೇರುಗಳನ್ನು ತೆಗೆದು ಸುಮಾರು ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಬೇಕು. ದಪ್ಪ ಹೋಳುಗಳ ನಡುಭಾಗಕ್ಕೆ ಹುಳಿ ತಲಪುವುದು ತಡವಾಗುತ್ತದೆ. ಇಡಿಯ ಗಡ್ಡೆಯನ್ನು ಎಂದೂ ಹಾಕಬಾರದು.

5. ವಿನೆಗರ್, ಸಕ್ಕರೆ, ಉಪ್ಪುಗಳನ್ನು ಪಾತ್ರೆಗೆ ಹಾಕಿ, ಮಸಾಲೆಗಳನ್ನು ತೆಳುವಾದ ಬಟ್ಟೆಯಲ್ಲಿ ಗಂಟು ಕಟ್ಟಿ ಅದರಲ್ಲಿ ಬಿಟ್ಟು ಕುದಿಸಬೇಕು. ಕುದಿ ಬಂದ ಮೇಲೆ ಬಿಲ್ಲೆಗಳನ್ನು ಸೇರಿಸಿ ಸಣ್ಣ ಉರಿಯಲ್ಲಿ 5 ನಿಮಿಷ ಬಿಸಿ ಮಾಡಬೇಕು. ಹೆಚ್ಚು ಹೊತ್ತು ಕುದಿಸಿದರೆ ಬಣ್ಣ ಕಂದುವುದು. ಗಂಟನ್ನು ತೆಗೆದುಬಿಡಬೇಕು.

6. ಬಿಸಿ ಬಾಟಲಿಗೆ ಬಿಸಿಯಾದ ಬಿಲ್ಲೆಗಳನ್ನು ತುಂಬಿ, ಮೇಲೆ ಬಿಸಿ ದ್ರಾವಣವನ್ನು ಸುರಿಯಬೇಕು. ಬಿಲ್ಲೆಗಳೆಲ್ಲ ದ್ರಾವಣದಲ್ಲಿ ಮುಳುಗಿರಬೇಕು. ಬಾಯಿಯ ಕೆಳಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಜಾಗ ಖಾಲಿ ಇರಲಿ. ಶುಚಿಯಾದ ಚಮಚದ ಹಿಡಿಯನ್ನು ಬದಿಯಲ್ಲಿ ಆಡಿಸಿ ಗಾಳಿಗುಳ್ಳೆಗಳನ್ನು ಹೊರಡಿಸಬೇಕು. ಬಾಯಿಯ ಅಂಚನ್ನು ಒರೆಸಿ ಮುಚ್ಚಳ ಹಾಕಬೇಕು.

7. ಆರಿದ ಮೇಲೆ ರೆಫ್ರಿಜರೇಟರಿನಲ್ಲಿ ಇರಿಸಬೇಕು. ಒಂದು ವಾರ ಕಳೆದರೆ ಹುಳಿ, ಸಿಹಿ, ಮಸಾಲೆಗಳು ಒಂದಾಗಿ ರುಚಿ ಹದಗೊಳ್ಳುತ್ತದೆ. ಎರಡು ತಿಂಗಳೊಳಗಾಗಿ ಬಳಸಿ ಮುಗಿಸುವುದು ಉತ್ತಮ.

ಕಪಾಟಿನಲ್ಲಿ ಇಡಬೇಕಾದರೆ

ರೆಫ್ರಿಜರೇಟರಿನಲ್ಲಿ ಸ್ಥಳವಿಲ್ಲದವರು ಬಾಟಲಿಗಳನ್ನು ಹೊರಗಿಡಬೇಕೆಂದಿದ್ದರೆ ಇನ್ನೊಂದು ಹಂತ ಅನಿವಾರ್ಯ. ಶಾಖವನ್ನು ತಾಳಬಲ್ಲ ಗಾಜಿನಿಂದಾದ, ಹೊಸ ಸೀಲ್ ಮುಚ್ಚಳವುಳ್ಳ ಸಂರಕ್ಷಣಾ ಬಾಟಲಿಗಳು ಇದಕ್ಕೆ ಬೇಕು. ಪಾನೀಯಗಳ ಪುಡಿ ಅಥವಾ ಜಾಮ್ ಬಂದಿದ್ದ ಹಳೆಯ ಬಾಟಲಿಗಳು ಸಾಲವು. ದೊಡ್ಡ ಪಾತ್ರೆಯ ತಳದಲ್ಲಿ ಮಣೆ ಅಥವಾ ದಪ್ಪ ಬಟ್ಟೆ ಹಾಕಿ, ತುಂಬಿದ ಬಾಟಲಿಗಳನ್ನು ಅದರ ಮೇಲಿರಿಸಿ, ಮುಚ್ಚಳದ ಮೇಲೆ ಎರಡು ಬೆರಳು ನಿಲ್ಲುವಷ್ಟು ಬಿಸಿನೀರು ತುಂಬಿ ಕುದಿಸಬೇಕು. ನೀರು ಚೆನ್ನಾಗಿ ಕುದಿಯತೊಡಗಿದ ಮೇಲೆ ಕಾಲವನ್ನು ಲೆಕ್ಕ ಹಾಕಬೇಕು.

ಊರು ಎತ್ತರದಲ್ಲಿದ್ದಷ್ಟೂ ನೀರು ಕಡಿಮೆ ಶಾಖದಲ್ಲಿ ಕುದಿಯುವುದರಿಂದ ಕಾಲವನ್ನು ಹೆಚ್ಚಿಸಬೇಕಾಗುತ್ತದೆ. ಅರ್ಧ ಲೀಟರ್ ಬಾಟಲಿಗಳಿಗೆ ಸಮುದ್ರಮಟ್ಟದಲ್ಲಿರುವ ಮುಂಬಯಿ, ಚೆನ್ನೈಗಳಲ್ಲಿಯೂ, ಸುಮಾರು 700 ಅಡಿ ಎತ್ತರದ ದೆಹಲಿಯಲ್ಲಿಯೂ 30 ನಿಮಿಷ ಸಾಕು. 1,000 ಅಡಿಗಿಂತ ಮೇಲಿರುವ ಪುಣೆ, ಹೈದರಾಬಾದುಗಳಲ್ಲಿ 35 ನಿಮಿಷ ಬೇಕು. 3,000 ಅಡಿ ಮೀರಿದ ಸ್ಥಳಗಳಲ್ಲಿ 40 ನಿಮಿಷ, 6,000 ಅಡಿ ಮೀರಿದ ಉದಕಮಂಡಲದಂಥ ಗಿರಿಧಾಮಗಳಲ್ಲಿ 45 ನಿಮಿಷ ಕುದಿಸಬೇಕು. ಬೆಂಗಳೂರಿನ ಎತ್ತರ 3,000 ಅಡಿಯ ಆಸುಪಾಸಿನಲ್ಲಿರುವುದರಿಂದ ಅಲ್ಲಿಯೂ 40 ನಿಮಿಷ ಕುದಿಸುವುದು ಕ್ಷೇಮ.

ಹೊರತೆಗೆದು ಅಲುಗಾಡಿಸದೆ ಆರಲು ಬಿಟ್ಟರೆ ಮುಚ್ಚಳದ ನಡುಭಾಗ ಒಳಕ್ಕೆ ಎಳೆದುಕೊಂಡು ಬಿಗಿಯಾಗುತ್ತದೆ. ಮರುದಿನ ಬೆರಳಿನಿಂದ ಒತ್ತಿದಾಗ ಮುಚ್ಚಳವು ಮೇಲೆ ಕೆಳಗೆ ಆಡಿದರೆ ಸೀಲ್ ಆಗಿಲ್ಲವೆಂದರ್ಥ. ಅಂಥ ಬಾಟಲಿಯನ್ನು ರೆಫ್ರಿಜರೇಟರಿನಲ್ಲಿಟ್ಟು ಮೊದಲು ಬಳಸಬೇಕು. ಇಲ್ಲಿ ಕುದಿಸುವುದರಿಂದ ಬೂಷ್ಟು, ಯೀಸ್ಟ್‌ಗಳು ನಾಶವಾಗುತ್ತವೆ. ಬೊಟುಲಿನಮ್ ಬೀಜಕಣಗಳನ್ನು ತಡೆಯುವುದು ಮಾತ್ರ ವಿನೆಗರ್‌ನ ಹುಳಿಯೇ. ಆದುದರಿಂದ ಕುದಿಸುವ ಹಂತವಿದೆಯೆಂದು ವಿನೆಗರ್ ಕಡಿಮೆ ಮಾಡುವಂತಿಲ್ಲ.

ಎಣ್ಣೆ, ಖಾರದ ಉಪ್ಪಿನಕಾಯಿ

ಸಾಸಿವೆ, ಮೆಂತ್ಯ, ಇಂಗು, ಕಾರದಪುಡಿಗಳ ಒಗ್ಗರಣೆಯಿಲ್ಲದೆ ಉಪ್ಪಿನಕಾಯಿ ಎನ್ನಿಸಿಕೊಳ್ಳದೆಂಬುದು ಅನೇಕರ ಅಭಿಪ್ರಾಯ. ಬೀಟ್‌ರೂಟಿನಲ್ಲಿ ಇಂಥ ಉಪ್ಪಿನಕಾಯಿಯನ್ನೂ ಮಾಡಬಹುದು. ಸಣ್ಣಗೆ ಹೆಚ್ಚಿದ ಬೀಟ್‌ರೂಟನ್ನು ಎಣ್ಣೆಯಲ್ಲಿ ಬಾಡಿಸಿ, ಉಪ್ಪು, ಕಾರದಪುಡಿ, ಹುರಿದ ಮೆಂತ್ಯ ಸಾಸಿವೆಗಳ ಪುಡಿ ಬೆರೆಸಿ, ಆರಿದ ಮೇಲೆ ಧಾರಾಳವಾಗಿ ನಿಂಬೆರಸ ಹಿಂಡಿ ಕಲಸಿದರೆ ಆಯಿತು. ಆದರೆ ಹಣ್ಣಿನಿಂದ ಹಣ್ಣಿಗೆ ನಿಂಬೆಯ ಹುಳಿ ವ್ಯತ್ಯಾಸವಾಗುತ್ತದೆ. ಆದಕಾರಣ ಇದನ್ನು ರೆಫ್ರಿಜರೇಟರಿನಲ್ಲಿಯೇ ಇಟ್ಟು ಎರಡು ವಾರಗಳಲ್ಲಿ ಮುಗಿಸಬೇಕು.

ಮೇಲೆ ಎಣ್ಣೆ ನಿಂತರೆ ಯಾವ ಉಪ್ಪಿನಕಾಯಿಯೂ ಕೆಡದೆಂಬ ನಂಬಿಕೆ ವ್ಯಾಪಕವಾಗಿದೆ. ಎಣ್ಣೆಯು ಗಾಳಿಯನ್ನು ತಡೆದು ಬೂಷ್ಟು ಬಾರದಂತೆ ಮಾಡುವುದು ನಿಜ. ಮಾವು, ನಿಂಬೆಗಳಲ್ಲಿ ಹುಳಿಯೂ ಉಪ್ಪೂ ಇರುವುದರಿಂದ ಅಷ್ಟೇ ಸಾಕಾಗುತ್ತದೆ. ಹುಳಿಯಿಲ್ಲದ ಗಡ್ಡೆಯ ವಿಷಯದಲ್ಲಿ ಗಾಳಿಯನ್ನು ತಡೆಯುವುದೆಂದರೆ ಬೊಟುಲಿನಮ್ ಬ್ಯಾಕ್ಟೀರಿಯಾಕ್ಕೆ ಬೇಕಾದ ವಾತಾವರಣವನ್ನೇ ನಿರ್ಮಿಸಿಕೊಟ್ಟಂತೆ. ಬೆಳ್ಳುಳ್ಳಿ, ಗಜ್ಜರಿ, ಮೂಲಂಗಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಉತ್ತರ ಭಾರತದ ಕಾಂಜಿ

ದೆಹಲಿ ಮತ್ತು ಅದರ ಸುತ್ತಮುತ್ತಲ ಪ್ರದೇಶಗಳಲ್ಲಿ ಹೋಳಿಯ ಸಮಯಕ್ಕೆ ತಯಾರಿಸುವ ಕಾಂಜಿಯಲ್ಲಿ ವಿನೆಗರ್ ಇಲ್ಲದೆಯೇ ಹುಳಿ ಹುಟ್ಟುತ್ತದೆ. ಕಪ್ಪು ಗಜ್ಜರಿ ಮತ್ತು ಬೀಟ್‌ರೂಟಿನ ಹೋಳುಗಳನ್ನು ಕುದಿಸಿ ಆರಿಸಿದ ನೀರಿಗೆ ಹಾಕಿ, ಉಪ್ಪು, ಸಾಸಿವೆಪುಡಿ, ಕಾರದಪುಡಿ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಮೂರರಿಂದ ಐದು ದಿನ ಎಳೆಬಿಸಿಲಿನಲ್ಲಿ ಇಡುತ್ತಾರೆ. ತರಕಾರಿಯಲ್ಲಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಪರಿವರ್ತಿಸುತ್ತವೆ. ಹಾಲು ಮೊಸರಾಗುವುದೂ ಇದೇ ಬಗೆಯ ಕ್ರಿಯೆಯಿಂದ. ಒಂದು ಲೀಟರ್ ನೀರಿಗೆ 20 ರಿಂದ 25 ಗ್ರಾಂ ಉಪ್ಪು ಇದ್ದರೆ ಈ ಉಪಯುಕ್ತ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಉಪ್ಪು ತೀರ ಕಡಿಮೆಯಾದರೆ ಬೇಡದ ಜೀವಿಗಳು ಮೇಲುಗೈ ಪಡೆಯುತ್ತವೆ. ಹದವಾದ ಹುಳಿ ಬಂದ ಕೂಡಲೇ ರೆಫ್ರಿಜರೇಟರಿಗೆ ವರ್ಗಾಯಿಸಿ ಕೆಲವು ದಿನಗಳಲ್ಲಿ ಕುಡಿದು ಮುಗಿಸಬೇಕು. ಐದಾರು ದಿನ ಕಳೆದರೂ ಹುಳಿ ಬಾರದೆ, ಲೋಳೆ ಕಟ್ಟಿ ಕೆಟ್ಟ ವಾಸನೆ ಬಂದರೆ ಚೆಲ್ಲಿಬಿಡಬೇಕು.

ಕೆಟ್ಟಿರುವುದರ ಲಕ್ಷಣಗಳು

ಮುಚ್ಚಳ ಉಬ್ಬಿರುವುದು, ತೆರೆದಾಗ ದ್ರಾವಣ ಚಿಮ್ಮುವುದು, ಗುಳ್ಳೆಗಳೇಳುವುದು, ಬೂಷ್ಟು, ಲೋಳೆ ಅಥವಾ ದುರ್ವಾಸನೆ ಕಂಡುಬಂದರೆ ಇಡಿಯ ಬಾಟಲಿಯನ್ನು ತ್ಯಜಿಸಬೇಕು. ಮೇಲಿನ ಬೂಷ್ಟನ್ನು ತೆಗೆದು ಉಳಿದುದನ್ನು ಬಳಸುವುದು ತರವಲ್ಲ. ಬೊಟುಲಿನಮ್ ವಿಷಕ್ಕೆ ಮಾತ್ರ ಬಣ್ಣ, ರುಚಿ, ವಾಸನೆಗಳಿಲ್ಲ. ಆದುದರಿಂದ ತಯಾರಿಕೆಯ ಬಗ್ಗೆ ಸಂಶಯವಿರುವ ಬಾಟಲಿಯನ್ನು ನಾಲಗೆಯ ತುದಿಯಿಂದಲೂ ರುಚಿ ನೋಡಬಾರದು. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಸಿಗದಂತೆ ಎಸೆಯಬೇಕು.

ಇಂಥ ಆಹಾರ ಸೇವಿಸಿದ ಅನಂತರ, ಸಾಮಾನ್ಯವಾಗಿ 12 ರಿಂದ 36 ಗಂಟೆಗಳಲ್ಲಿ, ರೆಪ್ಪೆಗಳು ಜೋಲುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಕೈಕಾಲುಗಳಲ್ಲಿ ನಿಶ್ಶಕ್ತಿ ಕಾಣಿಸಿಕೊಳ್ಳಬಹುದು. ಉಸಿರಾಟದ ಸ್ನಾಯುಗಳಿಗೆ ತಗಲಿದರೆ ಪ್ರಾಣಾಪಾಯವಿದೆ. ಮನೆಮದ್ದುಗಳಲ್ಲಿ ಕಾಲ ಕಳೆಯದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ, ತಿಂದ ಪದಾರ್ಥವನ್ನು ವೈದ್ಯರಿಗೆ ತಿಳಿಸಬೇಕು.

ಆರೋಗ್ಯದ ಕೆಲವು ಮಾತುಗಳು

ಬೀಟ್‌ರೂಟಿನಲ್ಲಿ ಫೋಲೇಟ್, ಪೊಟ್ಯಾಸಿಯಂ ಮತ್ತು ನಾರಿನಂಶಗಳಿವೆ. ಬೇಯಿಸಿದಾಗ ಇವುಗಳಲ್ಲಿ ಕೆಲಭಾಗ ನೀರಿನೊಡನೆ ಹೋಗುತ್ತದೆ. ಕೆಂಪು ಬಣ್ಣವಿದ್ದ ಮಾತ್ರಕ್ಕೆ ರಕ್ತ ಹೆಚ್ಚಾಗುತ್ತದೆಂದು ಭಾವಿಸುವಂತಿಲ್ಲ. ಆ ಬಣ್ಣಕ್ಕೂ ಕಬ್ಬಿಣಾಂಶಕ್ಕೂ ಸಂಬಂಧವಿಲ್ಲ. ಬೀಟ್‌ರೂಟ್ ತಿಂದ ಮರುದಿನ ಕೆಲವರ ಮೂತ್ರ ಕೆಂಪಾಗುವುದುಂಟು. ಅದು ವರ್ಣದ್ರವ್ಯದ ಪರಿಣಾಮವಷ್ಟೆ, ಗಾಬರಿಪಡಬೇಕಾಗಿಲ್ಲ. ಬೀಟ್‌ರೂಟ್ ತಿನ್ನದಿದ್ದಾಗಲೂ ಹಾಗೆ ಕಂಡರೆ ಮಾತ್ರ ವೈದ್ಯರನ್ನು ಕಾಣಬೇಕು. ಆಕ್ಸಲೇಟ್ ಅಂಶ ಹೆಚ್ಚಾಗಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆಯುಳ್ಳವರು ಮಿತವಾಗಿ ಬಳಸಬೇಕು. ರಕ್ತದ ಒತ್ತಡ ಮತ್ತು ಮಧುಮೇಹ ಇರುವವರು ಉಪ್ಪು, ಸಕ್ಕರೆಗಳನ್ನು ಗಮನದಲ್ಲಿರಿಸಿಕೊಳ್ಳಬೇಕು. ವಿನೆಗರ್ ದ್ರಾವಣದಲ್ಲಿ ಇವೆರಡೂ ರುಚಿಗಾಗಿ ಇರುವುದರಿಂದ ಕಡಿಮೆ ಮಾಡಿದರೂ ಸುರಕ್ಷತೆಗೆ ಭಂಗವಿಲ್ಲ.

ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಹಣ್ಣು ತರಕಾರಿಗಳ ಸಂರಕ್ಷಣೆಯ ಬಗ್ಗೆ ಸಂಶೋಧನೆ ನಡೆಸಿ ತರಬೇತಿಯನ್ನೂ ನೀಡುತ್ತ ಬಂದಿದೆ. ಮನೆಯಲ್ಲಿ ತಯಾರಿಸಿದುದನ್ನು ಮಾರಾಟ ಮಾಡಲು ಬಯಸುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯನ್ವಯ ನೋಂದಣಿ ಅಥವಾ ಪರವಾನಗಿ ಪಡೆದ ಅನಂತರವೇ ಆ ಕೆಲಸಕ್ಕೆ ಇಳಿಯತಕ್ಕದ್ದು.

ಪ್ರತಿ ಬಾಟಲಿಯ ಮೇಲೂ ತಯಾರಿಸಿದ ದಿನಾಂಕವನ್ನೂ ಬಳಸಿದ ವಿನೆಗರ್‌ನ ಶೇಕಡಾ ಪ್ರಮಾಣವನ್ನೂ ಬರೆದ ಚೀಟಿ ಅಂಟಿಸುವುದು ಒಳ್ಳೆಯ ಅಭ್ಯಾಸ. ಅಜ್ಜಿಯ ಕೈಯಳತೆ ಮಾವಿನಮಿಡಿಗೆ ಎಂದೂ ಸೋತಿಲ್ಲ, ಏಕೆಂದರೆ ಹುಳಿಯನ್ನು ಮಿಡಿಯೇ ಹೊತ್ತು ತರುತ್ತಿತ್ತು. ಬೀಟ್‌ರೂಟಿಗೆ ಆ ಹುಳಿಯನ್ನು ಅಳೆದು ಕೊಡಬೇಕಾದವರು ಉಪ್ಪಿನಕಾಯಿ ಹಾಕುವವರೇ. ಅಳತೆ ತಪ್ಪದಿದ್ದರೆ ಚಳಿಗಾಲದ ಅಗ್ಗದ ಗಡ್ಡೆಯು ಬೇಸಿಗೆಯ ಮೊಸರನ್ನಕ್ಕೆ ಬಣ್ಣವನ್ನೂ ರುಚಿಯನ್ನೂ ಒದಗಿಸುತ್ತದೆ, ಮನೆಮಂದಿ ನಿಶ್ಚಿಂತೆಯಿಂದ ಉಣ್ಣಬಹುದು.